ಕೆಟ್ಟು ನಿಂತ ಕಾರಿನ ವಿಮೆ

ಗಂಡ ಒಡೆಲ್ ತೀರಿಕೊಂಡ ಮೇಲೆ ಮನೆಗೆ ಬರುವ ಸಂಬಳ ಒಂದೇ ಆಯಿತು. ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದ ವರ್ನೆಟಾ, ಕಾರಿನ ವಿಮೆಯ ಖರ್ಚು ತಗ್ಗಿಸಲು ಏಜೆಂಟ್ ಕ್ಲೈಡ್‌ನ ಎದುರು ಬಂದು ಕುಳಿತಳು. ಕೋಟನ್ನೂ ಬಿಚ್ಚಲಿಲ್ಲ.

"ಹಳೇ ಕಾರು, ವರ್ನೆಟಾ ಅಕ್ಕ. ಎಲ್ಲಾದ್ರೂ ಗುದ್ದಿದ್ರೆ ರಿಪೇರಿಗೆ ಕೊಡೋ ವಿಮೆ ಬೇಕಾ?"

"ತೆಗ್ದುಹಾಕಪ್ಪ."

"ಕಳುವಾದ್ರೆ?"

"ಅದನ್ನ ಯಾರು ಕದೀತಾರೆ? ತೆಗಿ."

"ರಿಪೇರಿ ಆಗೋವರೆಗೂ ಬಾಡಿಗೆ ಕಾರು?"

"ಬಸ್ಸಿದೆ."

ಬೇರೆ ಯಾರದೋ ಸಾಮಾನು ಸಾಗಹಾಕುವವಳಂತೆ ಉತ್ತರಿಸುತ್ತಿದ್ದಳು. ದನಿಯಲ್ಲಿ ಬೇಸರ ಕೂಡ ಇರಲಿಲ್ಲ.

"ದಾರೀಲಿ ಕೆಟ್ಟು ನಿಂತ್ರೆ ಬಂದು ಎಳ್ಕೊಂಡು ಹೋಗೋ ವಿಮೆ ನೀವು ಯಾವತ್ತೂ ತಗೊಂಡೇ ಇಲ್ಲ," ಎಂದ ಕ್ಲೈಡ್. "ಒಡೆಲ್ ಅಣ್ಣ ಬಿಡ್ತಿರ್ಲಿಲ್ಲ. 'ನಾನಿದೀನಿ, ನನ್ನ ಟ್ರಕ್ಕಿದೆ, ದುಡ್ಡು ಯಾಕೆ ದಂಡ' ಅಂತಿದ್ರು."

ವರ್ನೆಟಾ ಕಿಟಕಿಯಾಚೆ ರಸ್ತೆಬದಿಯ ಕೊಳಕು ಹಿಮವನ್ನು ನೋಡಿದಳು. ಎಷ್ಟೋ ಚಳಿಗಾಲ ಅವಳು ಕೆಟ್ಟ ಕಾರಿನೊಳಗೆ ಮುದುಡಿ ಕೂತು, ಅವನ ಟ್ರಕ್ಕಿನ ದೀಪ ಕಾಣುವುದನ್ನೇ ಕಾದಿದ್ದಳು.

"ಅದನ್ನ ಹಾಕು," ಎಂದಳು.

"ದುಡ್ಡು ಉಳ್ಸೋಕೆ ಬಂದಿದ್ರಲ್ಲ?"

"ಹಾಕು ಕ್ಲೈಡ್. ಈಗ ಫೋನ್ ಮಾಡೋಕೆ ನಂಗೆ ಯಾರಿದಾರೆ?"

ಸಹಿ ಹಾಕುವಾಗಲೂ ಅಳು ಬರಲಿಲ್ಲ. ಕಾರು ಕೆಟ್ಟರೆ ಕರೆಯಬೇಕಾದ ನಂಬರನ್ನು ಕ್ಲೈಡ್ ಚೀಟಿಯಲ್ಲಿ ಬರೆದುಕೊಟ್ಟ. ಅದನ್ನು ಜೇಬಿಗೆ ಹಾಕಿಕೊಂಡು ಅವಳು ಮಧ್ಯಾಹ್ನದ ಪಾಳಿಗೆ ಹೊರಟಳು.