ಹಗೇವಿನ ಬೆಳ್ಳಿ

ಮೂಡಲಗಿ ಪೇಟೆಯ ಕೇದಾರಿ ಪತ್ತಾರರು ಲಿಂಗ ಇಡುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಎತ್ತಿದ ಕೈ. ಆದರೆ ಅವರ ಜೀವವೆಲ್ಲ ಹಳೆಯ ನಾಣ್ಯಗಳಲ್ಲಿತ್ತು. ಕರಗಿಸಲು ತಂದ ಬೆಳ್ಳಿಯಲ್ಲಿ ಸವೆದದ್ದೊಂದು ಕಂಡರೆ ಸಾಕು, ಗಿರಾಕಿಯನ್ನು ಮರೆತು ಭೂತಗನ್ನಡಿ ಹಿಡಿದು ಕೂಡುವರು. "ನನ್ನ ಮಾರೀನೂ ಒಮ್ಮೆರ ಹಂಗ ನೋಡ್ರಿ" ಎಂದು ಹೆಂಡತಿ ದಾಕ್ಷಾಯಿಣಿ ಚುಚ್ಚುತ್ತಿದ್ದಳು. ಅವರು ನಕ್ಕು ಮತ್ತೆ ನಾಣ್ಯಕ್ಕೆ ಬಾಗುತ್ತಿದ್ದರು. ತಲೆ ಎತ್ತಿ ನೋಡಬೇಕಿತ್ತು, ಅವಳನ್ನಲ್ಲದಿದ್ದರೂ ಅಣ್ಣಪ್ಪನನ್ನು.

ಅಣ್ಣಪ್ಪ ಮಸಗುಪ್ಪಿಯ ಕಬ್ಬಿನ ರೈತ. ಅವನ ಹಿತ್ತಲಲ್ಲಿ ಅಜ್ಜನ ಕಾಲದ ಹಗೇವು, ಅಂದರೆ ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ, ಮುಚ್ಚಿಕೊಂಡು ಬಿದ್ದಿತ್ತು. ಅದರ ತಳ ಕುಸಿದ ಕಡೆ ಅವನಿಗೆ ಒಡೆದ ಮಡಕೆ, ಕೆಲವು ಬೆಳ್ಳಿ ಬಿಲ್ಲೆ ಸಿಕ್ಕವು. ಸರಕಾರದವರಿಗೆ ಗೊತ್ತಾದರೆ ಒಯ್ದಾರೆಂದು ಯಾರಿಗೂ ತೋರಿಸದೆ ಪತ್ತಾರರ ಮುಂದೆ ಸುರಿದ.

ಪತ್ತಾರರು ಭೂತಗನ್ನಡಿ ಎತ್ತಿಕೊಂಡರು. "ಗಧೈಯಾ ನಾಣ್ಯ ಇವು, ತಮ್ಮಾ. ಸಾವಿರ ವರ್ಷದ ಹಳೇವು."

ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಅಗ್ನಿಕುಂಡ. ಹೊಡೆದವನಿಗೆ ಏನು ಅವಸರವಿತ್ತೋ. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಹಾಗಾಗಿ ಒಂದರಲ್ಲಿ ಕಣ್ಣಿನ ಚುಕ್ಕೆ ಮಾತ್ರ, ಇನ್ನೊಂದರಲ್ಲಿ ಗೀಟಿನಂಥ ಮೂಗು. ಸಾಲಾಗಿ ಜೋಡಿಸಿದಾಗ ಮುಖ ಮೂಡುತ್ತ ಬಂತು. ಬಾಯಿ ಮಾತ್ರ ಯಾವುದರಲ್ಲೂ ಇರಲಿಲ್ಲ.

"ಬಾಯಿ ಇದ್ದದ್ದ ಒಂದ ಸಿಕ್ರ ತಗೊಂಡ ಬಾ" ಎಂದರು.

ಪತ್ತಾರ ಕಾಕಾನ ಖುಷಿ ಕಂಡು ಅಣ್ಣಪ್ಪನಿಗೂ ಹುರುಪು ಬಂತು. ಮತ್ತೆ ಇಳಿದ, ಮತ್ತೆ ತಂದ. ಹಗೇವು ತೆರೆದರೆ ದಿನವಿಡೀ ಗಾಳಿಗೆ ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಒಳಗಿನ ಕೆಟ್ಟ ಗಾಳಿ ಎಷ್ಟೋ ಮನೆಗಳ ಗಂಡಸರನ್ನು ನುಂಗಿದೆ. ಆದರೆ ನೆರೆಯವರ ಕಣ್ಣಿಗೆ ಅಂಜಿ ಅವನು ಮೇಲೆ ಬಂದೊಡನೆ ಕಲ್ಲು ಮುಚ್ಚುತ್ತಿದ್ದ, ಇಳಿಯುವಾಗಷ್ಟೇ ಸರಿಸುತ್ತಿದ್ದ.

ಕಡೆಯ ಸಲ ಬಂದಾಗ "ತಲಿ ಭಾಳ ನೋಯಾಕತ್ತೈತ್ರಿ ಕಾಕಾ" ಎಂದ. ಅವನ ಕೊರಳಲ್ಲಿದ್ದ ಕರಡಿಗೆ ಕಾಡಿಗೆಯಂತೆ ಕಪ್ಪಾಗಿತ್ತು. ಮೊನ್ನೆ ದೀಪಾವಳಿಗೆ ಪತ್ತಾರರೇ ಮೆರುಗು ಕೊಟ್ಟದ್ದು. ಕೆಟ್ಟ ಗಾಳಿ ತಾಗಿದರೆ ಬೆಳ್ಳಿ ಕರ್ರಗಾಗುತ್ತದೆಂದು ಅವರಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ಕೊರಳಲ್ಲಿದ್ದಂತೆಯೇ ಅದನ್ನು ಅರಿವೆಯಿಂದ ತಿಕ್ಕಿ ಹೊಳಪು ಮಾಡಿದರು. ಕಣ್ಣು ಮಾತ್ರ ಬಿಲ್ಲೆಗಳ ಮೇಲಿತ್ತು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ.

"ಇನ್ನೊಮ್ಮಿ ನೋಡು" ಎಂದು ಕಳಿಸಿದರು.

ಮರುದಿನ ಅಂಗಡಿ ತೆರೆದು ಅರಿವೆ ಎತ್ತಿಕೊಂಡಾಗ ಅದಕ್ಕೆ ಹತ್ತಿದ ಕಪ್ಪು ಕಂಡಿತು. ಹಗೇವಿನ ಕೆಟ್ಟ ಗಾಳಿ ಆಗ ನೆನಪಾಯಿತು. ಫೋನ್ ಹಚ್ಚಿದರೆ ಎತ್ತಿದವಳು ಅಣ್ಣಪ್ಪನ ಹೆಂಡತಿ ಶಿವಗಂಗವ್ವ.

"ಅಂವ ಎಲ್ಲದಾನವ್ವ?"

"ಹಿತ್ತಲದಾಗ ಅದಾರ್ರಿ. ಫೋನ್ ಇಲ್ಲೇ ಬಿಟ್ಟ ಹೋಗ್ಯಾರ."

"ಹಗೇವ್ನ್ಯಾಗ ಇಳದಾನೇನ ನೋಡು. ನೀ ಇಳೀಬ್ಯಾಡ. ಮಂದಿನ್ನ ಕರಿ."

ಪತ್ತಾರರು ಮೋಟಾರ್ ಸೈಕಲ್ ಮೇಲೆ ಮಸಗುಪ್ಪಿ ಮುಟ್ಟುವಷ್ಟರಲ್ಲಿ ಮಂದಿ ಹಗ್ಗ ಹಾಕಿ ಅಣ್ಣಪ್ಪನನ್ನು ಮೇಲೆತ್ತಿ ಮಲಗಿಸಿದ್ದರು. ಉಸಿರಿರಲಿಲ್ಲ. ನಿನ್ನೆ ತಿಕ್ಕಿದ್ದ ಕರಡಿಗೆ ಮತ್ತೆ ಕಪ್ಪಾಗಿತ್ತು.

ಶಿವಗಂಗವ್ವ ಗಂಡನ ಮುಷ್ಟಿ ಬಿಡಿಸಿ, ಸಿಕ್ಕ ಬಿಲ್ಲೆಯನ್ನು ಪತ್ತಾರರ ಅಂಗೈಗೆ ಹಾಕಿದಳು.

"ಕಾಕಾಗ ಒಂದ ಬಾಯಿ ಬೇಕಾಗೈತಿ ಅಂತ ಹೇಳಿ ಹೋಗಿದ್ರು. ಇದ ಏನ ನೋಡ್ರಿ."

ಪತ್ತಾರರಿಗೆ ಕೈ ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ.