ಬನಿಯನ್ನಿನ ಒಂಬತ್ತು ಮನೆ

ಗಿರಿಜಕ್ಕನ ಕುರ್ಚಿಯ ಹಿಂದಿನ ಮೊಳೆಗೆ ಸದಾ ಒಂದು ಗಂಡಸರ ಬನಿಯನ್ ತೂಗುತ್ತಿತ್ತು. ಒಗೆಯಲು ಮರೆತದ್ದಲ್ಲ. ಅದರ ಹೊಟ್ಟೆಯ ಮೇಲೆ ನೀಲಿ ಶಾಯಿಯಿಂದ ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದು, ಸಣ್ಣ ಚೌಕಾಬಾರದ ಹಾಗೆ ಒಂಬತ್ತು ಮನೆ ಮಾಡಿದ್ದರು. "ನಮ್ಮ ಯಜಮಾನ್ರದು. ಅವ್ರು ಹಾಕ್ಕೊಂಡಾಗ ಬರೇ ಹೊಟ್ಟಿ ಕಾಣತಿತ್ತು, ಈಗ ಶಾಸ್ತ್ರ ಕಾಣತೈತಿ," ಎನ್ನುತ್ತಿದ್ದರು.

ನಾನು ಅವರ ಕೈಕೆಳಗೆ ಸೇರಿದ್ದು ನಲವತ್ತಾರನೇ ವಯಸ್ಸಿನಲ್ಲಿ. ನಡೆಸುತ್ತಿದ್ದ ಟೈಪಿಂಗ್ ಕ್ಲಾಸ್ ಮುಚ್ಚಿ, ಹುಬ್ಬಳ್ಳಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ರೋಗಿಗಳ ದೂರು ಕೇಳಿ ಕಂಪ್ಯೂಟರಿಗೆ ಹಾಕುವ ಕೆಲಸ ಹಿಡಿದಿದ್ದೆ. ಮೂರು ತಿಂಗಳೊಳಗೆ ಮೈಯ ಭಾಗಗಳ ಡಾಕ್ಟರಿ ಹೆಸರು ಕಲಿಯದಿದ್ದರೆ ಮನೆಗೆ ಹೋಗಬಹುದು ಎಂದು ಮ್ಯಾನೇಜರು ಮೊದಲ ದಿನವೇ ಹೇಳಿದ್ದರು. ಕಲಿಸುವ ಹೊಣೆ ಅಲ್ಲಿನ ಹಿರಿಯ ಗುಮಾಸ್ತೆ ಗಿರಿಜಕ್ಕನದು.

ನಾವು ಭುಜದಿಂದ ಬೆರಳತುದಿಯವರೆಗೆ 'ಕೈ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಡಾಕ್ಟರರು ತುಂಡು ತುಂಡು ಮಾಡಿ ಹೆಸರಿಟ್ಟಿದ್ದರು. ಮೊಣಕೈ ಮೇಲೆ ಬ್ರೇಕಿಯಲ್, ಕೆಳಗೆ ಆಂಟಿಬ್ರೇಕಿಯಲ್, ಅಂಗೈಗೆ ಪಾಮರ್. ಕೊನೆಯದು ಮಾತ್ರ ಸುಲಭವಾಗಿ ನೆನಪುಳಿಯಿತು, ನನ್ನನ್ನೇ ಕರೆದಂತಿತ್ತು. ತೊಂದರೆಯೆಂದರೆ, ಬೆಳಿಗ್ಗೆ ಹೆಸರು ಕಲಿತ ಜಾಗದಲ್ಲಿ ಸಂಜೆಗೆ ನೋವು ಶುರುವಾಗುತ್ತಿತ್ತು. ಧಾರವಾಡದ ಕೆಲಗೇರಿಯ ನನ್ನ ಮನೆಯಿಂದ ಬರುವ ಬಸ್ಸಿನಲ್ಲಿ ಮೈ ಮುಟ್ಟಿಕೊಳ್ಳುತ್ತ ಪಾಠ ಒಪ್ಪಿಸುತ್ತಿದ್ದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ಹೊಟ್ಟೆಯನ್ನು ಡಾಕ್ಟರರು ಒಂಬತ್ತು ಮನೆಯಾಗಿ ಹಂಚಿದ್ದರು. ಬನಿಯನ್ನಿನ ಮೇಲಿನ ಸಾಲಿನ ಎರಡು ಮೂಲೆಗೆ ಹೈಪೊಕಾಂಡ್ರಿಯಾಕ್ ಎಂದು ಹೆಸರು. ಇಲ್ಲದ ರೋಗಕ್ಕೆ ಹೆದರುವವರನ್ನೂ ಡಾಕ್ಟರರು ಹಾಗೆಯೇ ಕರೆಯುತ್ತಾರೆ. ಗಿರಿಜಕ್ಕನಿಗೆ ಅಷ್ಟು ಸಾಕಾಯಿತು. "ಜೋಶ್ಯಾರ, ಚಿಂತಿ ಬಿಡ್ರಿ. ನಿಮ್ಮ ಹೆಸರೀಲೆ ಎರಡು ಮನಿ ಅದಾವ. ಎಡಕ್ಕೊಂದು, ಬಲಕ್ಕೊಂದು!"

ಅವರದು ಒಂದೇ ನಿಯಮ: "ಮೊದಲ ಬೆರಳು ಇಡಸ್ರಿ, ಆಮ್ಯಾಲೆ ಹೆಸರು ಇಡ್ರಿ." ರೋಗಿ ನೋವಿನ ಜಾಗಕ್ಕೆ ಬೆರಳಿಡುವ ತನಕ ಟೈಪ್ ಮಾಡಕೂಡದು. ಮಾಡಿದರೆ ಕೆಂಪು ಪೆನ್ನು. ನನ್ನ ಒಂದು ಹಾಳೆಯೂ ಆ ಪೆನ್ನಿನಿಂದ ಪಾರಾಗಿ ಹೋದ ನೆನಪಿಲ್ಲ.

ಮೂರನೇ ತಿಂಗಳ ಕೊನೆಯ ವಾರ ಧಾರವಾಡದ ಪಕ್ಕದ ಹೆಬ್ಬಳ್ಳಿಯ ಮುದುಕರೊಬ್ಬರು ನನ್ನೆದುರು ಕೂತರು.

"ಏನಾಗೇದ್ರಿ ಅಜ್ಜಾರ?"

"ಬರಿ ನೋವ್ರಿ ಸಾಹೇಬ್ರ."

ಬರೀ ನೋವು! ಇಷ್ಟು ಅಲ್ಪತೃಪ್ತ ರೋಗಿಯನ್ನು ನಾನು ಕಂಡಿರಲಿಲ್ಲ. 'ಕೇವಲ ನೋವು, ಜಾಗ ಹೇಳಿಲ್ಲ' ಎಂದು ಇಂಗ್ಲಿಷಿನಲ್ಲಿ ಟೈಪಿಸಿದೆ. ಗದ್ದಲದಲ್ಲಿದ್ದ ಡಾಕ್ಟರು ನೋವಿನ ಗುಳಿಗೆ ಬರೆದು ಕಳಿಸಿದರು. ಸ್ವಲ್ಪ ಹೊತ್ತಿಗೆ ಹಾಳೆ ನೋಡಿದ ಗಿರಿಜಕ್ಕ ಚಪ್ಪಲಿ ಬಿಟ್ಟೇ ಓಡಿ, ಬಸ್ ಸ್ಟಾಪಿನಿಂದ ಮುದುಕರನ್ನು ಕರೆತಂದರು. ಮುದುಕರ ಅಂಗೈ ಆಗಲೂ ಎಡ ಪಕ್ಕೆಯನ್ನು ಒತ್ತಿ ಹಿಡಿದಿತ್ತು. ನನ್ನೆದುರು ಕೂತಾಗಲೂ ಹಿಡಿದಿತ್ತಂತೆ. ನಾನು ಕೀಬೋರ್ಡ್ ನೋಡುತ್ತಿದ್ದೆ.

"ಉದ್ದ ಬರೀ ಅಲ್ರಿ ಜೋಶ್ಯಾರ, ಗಿಡ್ಡ ಬರಿ! ಬರಿ ಅಂದ್ರ ಪಕ್ಕಿ. ಈ ಮನಿ, ಲಂಬಾರ್!" ಎಂದು ಬನಿಯನ್ನಿಗೆ ತಿವಿದರು. "ಧಾರವಾಡದ ಶುದ್ಧ ಕನ್ನಡ ಹೆಬ್ಬಳ್ಳಿತನಕನೂ ಮುಟ್ಟೂದಿಲ್ಲಲ್ರಿ!"

ಮುದುಕರ ಮೂತ್ರಪಿಂಡದಲ್ಲಿ ಕಲ್ಲಿತ್ತು. ನನ್ನ ಕೆಲಸ ಹೋಯಿತೆಂದು ಟಿಫಿನ್ ಡಬ್ಬಿ ಚೀಲಕ್ಕೆ ತುಂಬಿಕೊಂಡೆ. ನಾನು ಕಲಿತೆನೇ ಎಂದು ಮ್ಯಾನೇಜರು ಕೇಳಿದಾಗ ಗಿರಿಜಕ್ಕ, "ಕಲ್ತಾರ್ರಿ," ಎಂದಷ್ಟೇ ಹೇಳಿದರು. ಯಾಕೆಂದು ಆಮೇಲೆ ಕೇಳಿದೆ. "ಈ ತಪ್ಪು ನೀವು ಇನ್ನ ಮಾಡೂದಿಲ್ಲ. ಹೊಸಬ್ರು ಬಂದ್ರ ಮೊದಲಿಂದ ಮಾಡ್ತಾರ."

ನಿವೃತ್ತರಾಗುವಾಗ ಗಿರಿಜಕ್ಕ ಬನಿಯನ್ ನನಗೆ ಬಿಟ್ಟು ಬೈರಿದೇವರಕೊಪ್ಪದ ಮನೆ ಸೇರಿದರು. ಹೋದ ವರ್ಷ ಸೊಸೆಯ ತೋಳು ಹಿಡಿದು ನನ್ನೆದುರು ಬಂದು ಕೂತರು. ಅರ್ಧ ಇಳಿದುಹೋಗಿದ್ದರು.

"ಎಲ್ಲಿ ನೋವ್ರಿ ಅಕ್ಕಾರ?"

"ಬರಿ ನೋವು, ಜೋಶ್ಯಾರ."

ಕಲಿತವನಲ್ಲವೇ ನಾನು? ಕೀಬೋರ್ಡಿನಿಂದ ಕೈ ತೆಗೆದು, "ಬೆರಳು ಇಡ್ರಿ," ಎಂದೆ.

ಬೆರಳು ಎದ್ದಿತು. ಎದೆಯ ಮುಂದೆ ನಿಂತಿತು, ಹೊಟ್ಟೆಯ ಮುಂದೆ ಸುತ್ತಿತು, ಎಲ್ಲಿಯೂ ಇಳಿಯಲಿಲ್ಲ. ಕೊನೆಗೆ ಮೇಜಿನ ಮೇಲೆ ಮಲಗಿತು.

"ಈ ಸಲ ಗಿಡ್ಡ ಅಲ್ರಿ, ಉದ್ದ ಬರೀ," ಎಂದು ನಕ್ಕರು.

'ಕೇವಲ ನೋವು, ಜಾಗ ಹೇಳಿಲ್ಲ' ಎಂದು ಟೈಪಿಸಿದೆ. ಅವರು ಕತ್ತು ಚಾಚಿ ಪರದೆಯನ್ನು ನಿಧಾನವಾಗಿ, ಅಕ್ಷರ ಬಿಡದೆ ಓದಿದರು. ಅದು ನಮ್ಮ ಕೊನೆಯ ಭೇಟಿ. ಅವತ್ತು ಅವರು ಏನನ್ನೂ ತಿದ್ದಲಿಲ್ಲ.