ಊರು ಹೇಳಿ ಕಳಿಸಿದ ಮಾತು

ನಾನು ಹೇಳಿರಲಿಲ್ಲ.

ಕಸ್ತೂರಿ ಮೇಡಂಗೆ ತಿಳಿಸು ಎಂದು ಊರಿನ ಹಿರಿಯರು ನನ್ನ ಹತ್ತಿರ ಒಂದು ಮಾತು ಹೇಳಿ ಕಳಿಸಿದ್ದರು. ಅದನ್ನು ನಾನು ತಲುಪಿಸಲಿಲ್ಲ. ಆಮೇಲೆ ಊರಿನವರೆಲ್ಲ ಸೇರಿದ್ದ ಕಡೆ, ಆ ಮೇಡಂ ಎದುರಿಗೇ, 'ಹೇಳಿದ್ದೆ' ಎಂದೆ. ಸುದ್ದಿಯ ಮುಖ್ಯಾಂಶ ಮೊದಲ ಪ್ಯಾರಾದಲ್ಲೇ ಬರಬೇಕು ಎಂದು ನನಗೆ ಕಲಿಸಿದ್ದಾರೆ, ಹಾಗಾಗಿ ಮೊದಲೇ ಬರೆದಿದ್ದೇನೆ. ಉಳಿದದ್ದು ವಿವರ. ಆದರೆ ವಿವರಕ್ಕೆ ಬಂದಾಗಲೇ ಕೈ ನಿಲ್ಲುತ್ತಿದೆ —

ನಾನು ಸಕಲೇಶಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ಕಾಫಿ ದರ, ತೋಟಕ್ಕೆ ನುಗ್ಗಿದ ಆನೆ, ಎಡಕುಮೇರಿ ಹತ್ತಿರ ಹಳಿಯ ಮೇಲೆ ಮಣ್ಣು ಕುಸಿದು ನಿಂತ ರೈಲು — ನನ್ನ ದಿನಗಳು ಇವುಗಳ ನಡುವೆ ಕಳೆಯುತ್ತವೆ. ಹುಟ್ಟಿದ್ದು ಹಾನುಬಾಳಿನಿಂದ ಒಳಕ್ಕೆ ಹೋಗುವ ಒಂದು ಸಣ್ಣ ಊರಿನಲ್ಲಿ. ಅಪ್ಪ ಅಮ್ಮ ಈಗಿಲ್ಲ. ದೊಡ್ಡಮ್ಮನ ಮನೆ ಇದೆ.

ಕಸ್ತೂರಿ ಮೇಡಂ ಆಗ ಪಟ್ಟಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬಾಗಲಕೋಟೆ ಕಡೆಯವರು. ಕಾಲೇಜಿಗೂ ನಮ್ಮೂರಿಗೂ ಒಂದು ಒಪ್ಪಂದ ಮಾಡಿಸಿದವರು ಅವರು. ಇಂಥ ಒಪ್ಪಂದಗಳ ಸುದ್ದಿಯನ್ನು ನಾನು ಬೇಕಾದಷ್ಟು ಬರೆದಿದ್ದೇನೆ. ಬ್ಯಾನರ್ ಕಟ್ಟುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೊ ಆಗುತ್ತದೆ. ಬ್ಯಾನರ್ ಇಳಿಸಿದ ಮೇಲೆ ಆ ಊರಿನ ದಾರಿಯನ್ನೇ ಯಾರೂ ಹಿಡಿಯುವುದಿಲ್ಲ. ಇದೂ ಅಷ್ಟೇ ಎಂದುಕೊಂಡಿದ್ದೆ.

ಆದರೆ ಮೇಡಂ ಪ್ರತಿ ಶನಿವಾರ ಮಧ್ಯಾಹ್ನದ ಬಸ್ಸಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಮಕ್ಕಳು ಸಾಲದೆ ಮುಚ್ಚಿಹೋಗಿದ್ದ ನಮ್ಮೂರಿನ ಶಾಲೆಯ ಬಾಗಿಲು ತೆಗೆಸಿದರು. ಊರಿನ ಮಕ್ಕಳು, ಪಕ್ಕದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇರುವ ಕೆಲಸಗಾರರ ಮಕ್ಕಳು, ಎಲ್ಲರೂ ಅಲ್ಲಿ ಕೂತು ಓದಬೇಕು, ಕಾಲೇಜಿನವರು ಜೊತೆಗೆ ಕೂತು ಹೇಳಿಕೊಡಬೇಕು ಎಂಬುದು ಅವರ ಯೋಚನೆ. ಆಗ ಎಲ್ಲಿ, ಯಾರ ಪಕ್ಕ ಕೂರುವುದು ಎಂಬ ಪ್ರಶ್ನೆ ಬಂತು. ನಮ್ಮೂರಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಮೇಡಂ ಭಾಷಣ ಮಾಡಲಿಲ್ಲ. ಊರಿನ ಮನೆಗಳಿಂದಲೂ ಲೈನಿನ ಮನೆಗಳಿಂದಲೂ ಒಂದೊಂದು ಚಾಪೆ ಕೇಳಿ ತಂದರು. ಕೈಗೆ ಸಿಕ್ಕ ಹಾಗೆ ಹಾಸುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಯಾವ ಚಾಪೆ ಯಾರ ಮನೆಯದು ಎಂದು ಯಾರಿಗೂ ಗೊತ್ತಿರಲಿಲ್ಲ.

ಊರಿನವರೂ ಆಗಾಗ ಕಾಲೇಜಿಗೆ ಹೋಗಬೇಕು ಎಂಬುದು ಒಪ್ಪಂದದ ಇನ್ನೊಂದು ಭಾಗ. ದೊಡ್ಡಮ್ಮ ಒಮ್ಮೆ ಹೋಗಿ ಬಂದು, "ಇಷ್ಟೇ ಏನೋ ಕಾಲೇಜು ಅಂದ್ರೆ? ಎಸ್ಟೇಟ್ ಸ್ಟೋರ್ ಇದ್ಕಿಂತ ದೊಡ್ಡದೈತೆ" ಎಂದಳು. ಕಾಫಿ ತುಂಬಿಡುವ ಗೋದಾಮಿಗೆ ಹೋಲಿಸಿದ್ದು. ಆದರೆ ಮುಂದಿನ ಸಲ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಬಸ್ಸಿಗೆ ಕಾದವಳೂ ಅವಳೇ.

ಅವಳೇ ಒಂದು ಶನಿವಾರ, ಫೋಟೊ ತೆಗೆಯಲು ಹೋಗಿದ್ದ ನನಗೆ ಎಲ್ಲರ ಮುಂದೆ ಹೇಳಿದಳು: "ನೀನು ಬರೋದು ಸಾವಿಗೆ, ಇಲ್ಲ ಸುದ್ದಿಗೆ. ಈ ಹುಡ್ಗಿ ನೋಡು, ಯಾವ ಊರ್ನವಳೋ, ವಾರ ತಪ್ಪಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಡಂ ನಗಲಿಲ್ಲ, ನನ್ನ ಕಡೆ ಒಂದು ಚಾಪೆ ಸರಿಸಿ, "ಕುಂದರ್ರಿ ಸರ" ಎಂದರು. ನನ್ನ ಊರಿನಲ್ಲಿ, ನಾನು ಅ ಆ ಕಲಿತ ಶಾಲೆಯಲ್ಲಿ, ಕೂರಲು ಹೇಳಿದವರು ಅವರು. ಅದು ಮರ್ಯಾದೆಯ ಮಾತು. ನನಗೆ ಮಾತ್ರ ಅದು ಚುಚ್ಚಿತು. ನಾನು ಕೂರಲಿಲ್ಲ. ಬೇರೆ ಕೆಲಸವಿದೆ ಎಂದು ಹೊರಟುಬಂದೆ.

ಲೈನಿನಿಂದ ಬರುವ ಮಕ್ಕಳು ಹೆಚ್ಚಾದ ಮೇಲೆ ಕೊಠಡಿ ಸಾಲದೆ ಹೋಯಿತು. ಮುಂದಿನ ಮಳೆ ಹಿಡಿಯುವ ಮೊದಲು ಶಾಲೆಯ ಅಂಗಳದಲ್ಲಿ ಒಂದು ಶೀಟಿನ ಚಪ್ಪರ ಎಬ್ಬಿಸುವುದು ಎಂದಾಯಿತು. ವಿದ್ಯಾರ್ಥಿಗಳೇ ಗುಂಡಿ ತೋಡಿ ಕಂಬ ನಿಲ್ಲಿಸುತ್ತಾರೆ, ಊರಿನವರು ಶೀಟು ಹೊದಿಸುತ್ತಾರೆ. ಪರೀಕ್ಷೆಗೆ ಮುಂಚೆ ಒಂದು ಸೋಮವಾರ ಗೊತ್ತಾಯಿತು.

ನಮ್ಮ ಕಡೆ ಬೇಸಿಗೆಯಲ್ಲಿ ಊರ ದೇವರಿಗೆ ನಡೆಯುವ ಸುಗ್ಗಿ ಹಬ್ಬಕ್ಕೆ ಮೊದಲು ಊರಿನಲ್ಲಿ ಕೂಗಿ ಸಾರುತ್ತಾರೆ. ಸಾರಿದ ಮೇಲೆ ಕಟ್ಟು — ಹಬ್ಬ ಮುಗಿಯುವವರೆಗೆ ನೆಲ ಅಗೆಯುವಂತಿಲ್ಲ, ಹಸಿ ಕೊಂಬೆ ಕಡಿಯುವಂತಿಲ್ಲ, ಅಡುಗೆಗೆ ಒಗ್ಗರಣೆ ಹಾಕುವಂತಿಲ್ಲ, ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ. ಯಾವ ದಿನ ಸಾರುವುದು ಎಂಬುದು ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಹಿರಿಯರು ಕೂತು ಗೊತ್ತು ಮಾಡುತ್ತಾರೆ. ಹೊರಗಿನವರಿಗೆ ಯಾರಾದರೂ ಹೇಳಿದರೆ ತಿಳಿಯಿತು, ಇಲ್ಲದಿದ್ದರೆ ಇಲ್ಲ.

ಆ ವರ್ಷ ಸಾರುವ ದಿನ ಗೊತ್ತಾದಾಗ ನಾನು ಊರಿನಲ್ಲೇ ಇದ್ದೆ. ತಿಮ್ಮಪ್ಪ ಮಾವ ಊರಿನ ಹಿರಿಯರು, ಸುಗ್ಗಿಯ ವಿಷಯದಲ್ಲಿ ಅವರ ಮಾತೇ ಕೊನೆ. ಬೈಕ್ ಹತ್ತುತ್ತಿದ್ದ ನನ್ನನ್ನು ಕರೆದು ಹೇಳಿದರು: "ರಮೇಶ, ಟೀಚರಿಗೆ ಹೇಳ್ಬುಡು ಮಾರಾಯ. ಭಾನುವಾರ ಸಾರ್ತೀವಿ. ಗುಂಡಿ ಕೆಲ್ಸ ಹಬ್ಬ ಆದ್ಮೇಲೆ ಮಾಡ್ಲಿ. ನಾವೇ ಗುದ್ದಲಿ ತಗಂಡು ಬತ್ತೀವಿ ಅಂತ ಹೇಳು."

"ಆಯ್ತು ಮಾವ" ಎಂದೆ. ಹೇಳಬೇಕೆಂದೇ ಹೊರಟಿದ್ದೆ, ಅದು ನಿಜ.

ಮರುದಿನ ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಮೇಡಂ ಸಿಕ್ಕರು. ಹುಡುಕಿಕೊಂಡು ಹೋಗುವ ಕಷ್ಟವೂ ನನಗೆ ಬರಲಿಲ್ಲ. ಅವರಾಗಿಯೇ ಹತ್ತಿರ ಬಂದು, ತುಂಬ ಖುಷಿಯಲ್ಲಿ ಹೇಳಿದರು: "ನಿಮ್ಮ ದೊಡ್ಡಮ್ಮಾರು ನನಗ ಸುಗ್ಗಿಗೆ ಕರದಾರ್ರಿ ಸರ. ಊರ ಮಗಳು ಬಂದಂಗ ಬರಬೇಕು ಅಂದಾರ."

ಸುಗ್ಗಿ ಎಂದರೆ ಹಬ್ಬದ ದಿನ ಎಂದಷ್ಟೇ ಅವರು ತಿಳಿದಿದ್ದರು. ಅದಕ್ಕೂ ಮೊದಲು ಬರುವ ಕಟ್ಟಿನ ವಿಷಯ ಅವರಿಗೆ ಗೊತ್ತಿಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. "ಈ ಶನಿವಾರ ಬರಂಗಿಲ್ರಿ, ಸೋಮವಾರನ ಗುಂಡಿ ತೋಡಾಕ ಬರ್ತೀವ್ರಿ" ಎಂದರು. ಆಮೇಲೆ ಕೇಳಿದರು — ಅವರೇ ಕೇಳಿದರು — "ಊರಾಗ ಮತ್ತೇನರ ವಿಶೇಷ ಐತೇನ್ರಿ?"

"ಏನಿಲ್ಲ ಮೇಡಂ" ಎಂದೆ.

ಮರೆತೆ ಎಂದು ಬರೆಯಬಹುದಿತ್ತು. ಓದುವವರು ನಂಬುತ್ತಿದ್ದರು. ಮರೆತಿರಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿದೆ. ಆಗ ನನ್ನೊಳಗೆ ಹಾದುಹೋದ ಯೋಚನೆ ಇಷ್ಟು: ಊರ ಮಗಳಾದರೆ ಅವರಿಗೇ ಗೊತ್ತಾಗಲಿ. ಸಂಜೆ ಫೋನ್ ಮಾಡಿದರಾಯಿತು ಎಂದುಕೊಂಡೆ. ಸಂಜೆ ಮಾಡಲಿಲ್ಲ. ಆಮೇಲೆ ನನ್ನ ವೃತ್ತಿಯ ಮಾತೊಂದು ಕೈಗೆ ಸಿಕ್ಕಿತು — ವರದಿಗಾರ ಸುದ್ದಿಯೊಳಗೆ ಕೈ ಹಾಕಬಾರದು. ಸುದ್ದಿಯೇ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಲಿ ಎಂದು ನಾನು ಕಾಯುತ್ತಿದ್ದೆ.

ಊರಿನಿಂದ ಇಬ್ಬರು ಹುಡುಗಿಯರು ಅದೇ ಕಾಲೇಜಿಗೆ ಹೋಗುತ್ತಿದ್ದರು. ಅವರೂ ಏನೂ ಹೇಳಲಿಲ್ಲ. ನಾನು ಹೇಳಿದ್ದೇನೆ, ಕೆಲಸ ಮುಂದಕ್ಕೆ ಹೋಗಿದೆ ಎಂದೇ ಊರೆಲ್ಲ ತಿಳಿದಿತ್ತು.

ಸೋಮವಾರ ಬೆಳಿಗ್ಗೆ ನಾನು ಕ್ಯಾಮೆರಾ ತೆಗೆದುಕೊಂಡು ಹೋದೆ. ಶಾಲೆ ಇರುವುದು ಗದ್ದೆಯಾಚೆ, ಮನೆಗಳಿಗೆ ಕಾಣುವುದಿಲ್ಲ. ವಿದ್ಯಾರ್ಥಿಗಳು ಜೀಪಿನಲ್ಲಿ ಬಂದು ಆಗಲೇ ಕೆಲಸ ಹಿಡಿದಿದ್ದರು. ಒಂದು ಗುಂಡಿ ತೋಡಿ ಆಗಿತ್ತು. ಚಪ್ಪರಕ್ಕೆ ಅಡ್ಡ ಬರುತ್ತಿದ್ದ ಹಲಸಿನ ಕೊಂಬೆ ಕೆಳಗೆ ಬಿದ್ದಿತ್ತು, ಕಡಿದ ಕಡೆ ಹಾಲು ಸೋರುತ್ತಿತ್ತು. ಆಗಲೂ ಹೇಳಬಹುದಿತ್ತು. 'ನಿಲ್ಲಿಸಿ' ಎಂಬ ಒಂದು ಮಾತು ಸಾಕಿತ್ತು — ನಾನು ಫೋಟೊ ತೆಗೆದೆ.

ಸ್ವಲ್ಪ ಹೊತ್ತಿಗೆ, ಸದ್ದು ಕೇಳಿ, ಊರಿನ ಗಂಡಸರು ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ಬಂದರು. ಯಾರೂ ಕೂಗಾಡಲಿಲ್ಲ. ಹುಡುಗರ ಕಾಲಿನಲ್ಲಿದ್ದ ಬೂಟು ನೋಡಿದರು, ಗುಂಡಿ ನೋಡಿದರು, ಕೊಂಬೆ ನೋಡಿದರು.

"ಗುದ್ದಲಿ ಕೆಳ್ಗೆ ಇಡ್ಸವ್ವ," ಎಂದರು ತಿಮ್ಮಪ್ಪ ಮಾವ. "ನಿನ್ನೆ ಸಾರೈತೆ. ನೆಲ ಮುಟ್ಟಂಗಿಲ್ಲ. ನಿಂಗೆ ಹೇಳ್ಕಳ್ಸಿದ್ನಲ್ಲ?"

ಮೇಡಂ ಗಾಬರಿಯಾದರು. "ಇಲ್ರಿ ಗೌಡ್ರ, ನನಗ ಯಾರೂ —"

ಮಾವ ನನ್ನ ಕಡೆ ತಿರುಗಿದರು. "ಏನೋ ರಮೇಶ, ಹೇಳಿದ್ಯೋ ಇಲ್ವೋ?"

"ಹೇಳಿದ್ದೆ ಮಾವ."

ಅಷ್ಟು ಸುಲಭವಾಗಿ ಬಾಯಿಂದ ಬಂತು. ಮೇಡಂ ನನ್ನನ್ನು ನೋಡಿದರು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಆ ಅಂಗಳದಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ. ಅವರು ಬಾಯಿ ಬಿಟ್ಟಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಮಾವನಿಗೆ ಹೇಳಿದರು: "ಹೌದ್ರಿ ಗೌಡ್ರ, ಹೇಳಿದ್ರು ಅನಸ್ತದ. ನಾನ ಮರತೀನಿ. ತಪ್ಪಾತ್ರಿ."

"ಓದ್ದೋರಿಗೆ ಮರವೂ ಜಾಸ್ತಿ ಕಣ್ರಪ್ಪ" ಎಂದು ಹಿಂದಿನಿಂದ ಒಬ್ಬ ಹೇಳಿದ. ಒಂದಿಬ್ಬರು ನಕ್ಕರು. ಮಾವ ನಗಲಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಅವರು ಕ್ಷಮಿಸುತ್ತಿದ್ದರು. ಹೇಳಿ ಕಳಿಸಿದ ಮೇಲೂ ಲೆಕ್ಕಿಸಲಿಲ್ಲ ಎಂಬುದು ಅವರಿಗೆ ನುಂಗಲಾಗದ ಮಾತು. ಹುಡುಗರು ಗುಂಡಿಗೆ ಮಣ್ಣು ಎಳೆದು, ಜೀಪ್ ಹತ್ತಿದರು. ಊರಿನ ಹೆಂಗಸರ ಜೊತೆ ದೊಡ್ಡಮ್ಮ ಗದ್ದೆಯ ಊರ ಕಡೆಯ ಬದುವಿನಲ್ಲೇ ನಿಂತಿದ್ದಳು. ಮೇಡಂ ಕೈ ಎತ್ತಿದರು. ಅವಳು ಎತ್ತಲಿಲ್ಲ.

ನಾನು ವರದಿ ಬರೆದೆ. ಊರಿನವರ ಹೇಳಿಕೆ ಇತ್ತು, ಮೇಡಂ ಹೇಳಿಕೆಯೂ ಇತ್ತು: "ನನ್ನಿಂದ ತಪ್ಪಾಗಿದೆ." ಎರಡೂ ಕಡೆಯ ಮಾತು ಬಂದಿದೆ ಎಂದು ಸುದ್ದಿ ತಿದ್ದುವ ಡೆಸ್ಕಿನವರು ಮೆಚ್ಚಿದರು. ಆ ವರದಿಯಲ್ಲಿ ಇವತ್ತಿಗೂ ಒಂದು ತಪ್ಪು ಹುಡುಕಲು ಆಗುವುದಿಲ್ಲ. ಅದರಲ್ಲಿ ನಾನು ಇಲ್ಲ, ಅಷ್ಟೇ.

ಶನಿವಾರದ ಬಸ್ಸಿಗೆ ಕಾಲೇಜಿನವರು ಬರುವುದು 'ಸದ್ಯಕ್ಕೆ' ನಿಂತಿತು, ಮತ್ತೆ ಶುರುವಾಗಲಿಲ್ಲ. ಮುಂದಿನ ವರ್ಷ ಕಸ್ತೂರಿ ಮೇಡಂ ಅವರನ್ನು ಕಾಲೇಜು ಕರೆಯಲಿಲ್ಲ. ನನ್ನ ವರದಿಯೇ ಕಾರಣ ಎಂದು ಖಚಿತವಾಗಿ ಹೇಳಲು ನನ್ನ ಬಳಿ ಆಧಾರವಿಲ್ಲ. ಆ ಪುಟ ಪ್ರಾಂಶುಪಾಲರ ಮೇಜಿನ ಮೇಲೆ ಇದ್ದದ್ದನ್ನು ಮಾತ್ರ ನಾನೇ ಕಂಡಿದ್ದೇನೆ. ಶಾಲೆಗೆ ಮತ್ತೆ ಬೀಗ ಬಿತ್ತು. ಚಾಪೆಗಳನ್ನು ಮನೆಗಳಿಗೆ ಹಂಚಿದರು. ಯಾರದು ಯಾರಿಗೆ ಎಂದು ಗೊತ್ತಾಗದೆ, ದೊಡ್ಡಮ್ಮನ ಪಾಲಿಗೆ ಲೈನಿನ ಯಾರದೋ ಚಾಪೆ ಬಂತು. ಈಗ ಅದರ ಮೇಲೆ ಕಾಳುಮೆಣಸು ಒಣಗುತ್ತದೆ. ಊರಿಗೆ ಹೋದಾಗಲೆಲ್ಲ ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕು.

ಇದಾಗಿ ಐದು ವರ್ಷ. ಹೋದ ವಾರ ದೊಡ್ಡಮ್ಮ ಆ ಚಾಪೆಯ ಮೇಲೆ ಮೆಣಸು ಹರಡುತ್ತಾ, ತನಗೆ ತಾನೇ ಎಂಬಂತೆ ಹೇಳಿದಳು: "ಒಳ್ಳೇ ಹುಡ್ಗಿ ಕಣೋ. ಒಂದ್ ಮಾತ್ ಮರ್ತು ಎಲ್ಲಾ ಹಾಳ್ ಮಾಡ್ಕಂಬುಟ್ಲು." ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಟ್ಟಣಕ್ಕೆ ಬಂದು ಮೇಡಂ ಅವರ ನಂಬರ್ ಹುಡುಕಿ ಫೋನ್ ಮಾಡಿದೆ. ಈಗ ಅವರು ತಮ್ಮ ಊರಿನ ಕಡೆಯೇ ಪಾಠ ಮಾಡುತ್ತಾರೆ. ಬಸ್ ನಿಲ್ದಾಣದಲ್ಲಿ ನನ್ನ ಮನಸ್ಸಿಗೆ ಬಂದ ಮಾತಿನ ಸಮೇತ ಎಲ್ಲ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ನೀವು ಹೇಳಿರಲಿಲ್ಲ ಅಂತ ನನಗ ಗೊತ್ತಿದ್ದದ್ದ ಅಲ್ಲೇನ್ರಿ ಸರ" ಎಂದರು. ಸಿಟ್ಟು ಇರಲಿಲ್ಲ ಎಂದು ಬರೆಯಲಾರೆ. ದನಿ ತಣ್ಣಗಿತ್ತು, ಅಷ್ಟೇ.

"ಹಾಗಾದರೆ ಅವತ್ತು ಯಾಕೆ ನೀವು ನಿಮ್ಮ ಮೇಲೆ —"

"ನಾನು ಹೊರಗಿನಾಕಿ. ಜೀಪ್ ಹತ್ತಿ ಹೊಂಟು ಹೋಗ್ತಿದ್ದೆ. ಹುಟ್ಟಿದ ಊರು ಬಿಟ್ಟು ನೀವೆಲ್ಲಿ ಹೋಗ್ತಿದ್ರಿ?"

ಆಮೇಲೆ ಅವರು ಕೇಳಿದರು: "ಅದಿರ್ಲಿ. ಆ ಲೈನಿನ ಹುಡುಗ್ರು ಈಗ ಎಲ್ಲಿ ಕುಂದರತಾವ್ರಿ?"

ತಾಲೂಕಿನಲ್ಲಿ ಯಾವ ಆನೆ ಯಾವ ತೋಟದಲ್ಲಿದೆ ಎಂದು ನನಗೆ ಗೊತ್ತಿರುತ್ತದೆ. ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಐದು ವರ್ಷದಲ್ಲಿ ಒಮ್ಮೆಯೂ ಹೋಗಿ ನೋಡಿರಲಿಲ್ಲ.

"ಗೊತ್ತಿಲ್ಲ ಮೇಡಂ" ಎಂದೆ.

"ನೋಡ್ರಿ ಮತ್ತ" ಎಂದು ಫೋನ್ ಇಟ್ಟರು.

ಮರುದಿನ ಲೈನಿಗೆ ಹೋಗಿ ನೋಡಿ ಬಂದೆ. ಈಗಿರುವ ಮಕ್ಕಳು ಎಸ್ಟೇಟ್ ಕಡೆಯ ಬೇರೆ ಶಾಲೆಯಿಂದ ಬಂದು ಲೈನಿನ ಜಗಲಿಯ ಮೇಲೆ ಕೂರುತ್ತಾರೆ. ಓದಿನಲ್ಲಿ ತಿಳಿಯದ್ದನ್ನು ಕೇಳಲು ಅಲ್ಲಿ ಯಾರೂ ಇಲ್ಲ. ಊರಿನ ಮಕ್ಕಳಲ್ಲಿ ಯಾರ ಹೆಸರೂ ಅವರಿಗೆ ಗೊತ್ತಿಲ್ಲ.

ಪತ್ರಿಕೆಯಲ್ಲಿ ತಪ್ಪಾದರೆ ಅದೇ ಪುಟದಲ್ಲಿ ತಿದ್ದುಪಡಿ ಹಾಕುತ್ತೇವೆ. ನನ್ನ ತಪ್ಪು ಆದದ್ದು ಶಾಲೆಯ ಅಂಗಳದಲ್ಲಿ, ಊರಿನವರ ಮುಂದೆ. ಇಲ್ಲಿ ಬರೆದರೆ ತೀರುವುದಿಲ್ಲ.

ಬರುವ ಭಾನುವಾರ ಈ ವರ್ಷದ ಸುಗ್ಗಿ ಯಾವತ್ತು ಸಾರುವುದೆಂದು ಗೊತ್ತು ಮಾಡಲು ಹಿರಿಯರು ಕೂರುತ್ತಾರೆ. ಶಾಲೆಯ ಬೀಗದ ಕೈ ತಿಮ್ಮಪ್ಪ ಮಾವನ ಮನೆಯಲ್ಲಿದೆ. ಅದನ್ನು ಕೇಳಬೇಕು. ಯಾಕೋ ಎನ್ನುತ್ತಾರೆ. ಮಕ್ಕಳಿಗೆ ಎಂದರೆ, ಆ ಟೀಚರ್ ಮಾಡಿದ್ದು ಸಾಲದೇ ಎನ್ನುತ್ತಾರೆ. ಅಲ್ಲಿಂದ ಮುಂದಕ್ಕೆ ದಾರಿ ಒಂದೇ. ಎಲ್ಲರೂ ಕೂತಿರುವಾಗ ನಿಂತು ಹೇಳಬೇಕು —

ಹೇಳಿರಲಿಲ್ಲ ಮಾವ.